ಟೊಪ್ಪಿ ಕೈಯಲ್ಲಿ ಹಿಡಿದ ಪ್ರೇತಗಳು

ಮಾತಾಡುವಾಗಲೂ ಮಾವನ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಗ್ರಾಫ್ ಹಾಳೆಯ ಚೌಕಗಳನ್ನು ಮೂವತ್ತು ವರ್ಷ ಒಂದೇ ಕಣ್ಣಿನಲ್ಲಿ ಎಣಿಸಿದ್ದರ ಅಭ್ಯಾಸ. ಕೊಯಮತ್ತೂರಿನ ಹತ್ತಿರದ ತಮ್ಮೂರು ಸಿರುಮುಗೈಯ ರೇಷ್ಮೆ ಸೀರೆಗಳ ಸೆರಗಿನ ನವಿಲು, ಹಂಸಗಳನ್ನು ಅವರು ಮೊದಲು ಆ ಚೌಕಗಳಲ್ಲಿ ಕೆಂಪು ಶಾಯಿ ತುಂಬಿ ಬಿಡಿಸುತ್ತಿದ್ದರು. ಅದನ್ನು ನೋಡಿಕೊಂಡು, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತಿಳಿಸುವ ರಟ್ಟಿಗೆ ತೂತು ಹೊಡೆಯುತ್ತಿದ್ದರು. ತಮಿಳು ಬೆರೆತ ಅವರ ಕನ್ನಡದಲ್ಲಿ ಚೌಕಕ್ಕೆ ‘ಕಟ್ಟಂ’. “ಒಂದು ಕಟ್ಟಂ ತಪ್ಪಿದ್ರೆ ನವಿಲು ಕೋಳಿ ಆಗೋಯ್ತದೆ” ಎಂದು ಮನೆಗೆ ಬಂದವರಿಗೆಲ್ಲ ಹೇಳುವರು.

ಅವರು ನನ್ನ ಅಮ್ಮನ ಅಣ್ಣ. ಅಮ್ಮ ಮದುವೆಯಾಗಿ ಕೊಳ್ಳೇಗಾಲಕ್ಕೆ ಹೋದವಳು. ಅವಳ ಮಗಳಾದ ನಾನು ಅಲ್ಲೇ ಓದಿ, ಕೊಯಮತ್ತೂರಿನಲ್ಲಿ ಮೊಬೈಲ್ ಆಟಗಳನ್ನು ಮಾಡುವ ಸಣ್ಣ ಕಂಪನಿಯೊಂದಕ್ಕೆ ಸೇರಿದ್ದೆ. ಭಾನುವಾರದ ಊಟ ಮಾವನ ಮನೆಯಲ್ಲಿ. ಆ ಹೊತ್ತಿಗೆ ಸೀರೆ ವ್ಯಾಪಾರಿಗಳು ಡಿಸೈನಿಗೆ ಕಂಪ್ಯೂಟರ್ ಸೆಂಟರುಗಳ ದಾರಿ ಹಿಡಿದಿದ್ದರು. ಮಾವ ಮಾತ್ರ ದಿನಾ ಬೆಳಿಗ್ಗೆ ಹಲಗೆಯ ಮುಂದೆ ಕೂತು, ಯಾರೂ ಕೇಳದ ನವಿಲು ಬಿಡಿಸುತ್ತಿದ್ದರು.

ನಮ್ಮ ಕಂಪನಿಗೆ ಹೊರದೇಶದಿಂದ ಒಂದು ಆಟದ ಕೆಲಸ ಬಂತು. ಹಿಂದೆ ನಾಣ್ಯ ಹಾಕಿ ಆಡುತ್ತಿದ್ದ ಯಂತ್ರಗಳ ಆಟದಂತೆಯೇ ಕಾಣಬೇಕು. ಮರುಭೂಮಿಯ ಊರು, ಕುದುರೆಯ ಮೇಲೆ ಬಂದೂಕಿನವನು, ಅಗಲ ಟೊಪ್ಪಿ ಹಾಕಿ ಗೋರಿಗಳಿಂದ ಎದ್ದು ಬರುವ ಸತ್ತವರು. ಅವರನ್ನು ಗುಂಡು ಹಾರಿಸಿ ಉರುಳಿಸುತ್ತ ಹೋಗಬೇಕು. ಒಂದು ಪ್ರೇತಕ್ಕೆ ಉದ್ದಕ್ಕೂ ಅಗಲಕ್ಕೂ ಹದಿನಾರೇ ಚೌಕ. ಬಿಡಿಸುವ ಕೆಲಸ ನನ್ನದು. ನನ್ನ ಪ್ರೇತಗಳು ಬೆಂಕಿಪೊಟ್ಟಣದ ಹಾಗಿವೆ ಎಂದು ಎರಡು ಸಲ ವಾಪಸು ಬಂದವು.

ಮಾವನಿಗೆ ತೋರಿಸಿದೆ.

“ಹದಿನಾರು ಕಟ್ಟಂನಾಗೆ ಒಂದು ಆಳಾ?” ಎಂದು ನಕ್ಕರು. ಆಮೇಲೆ ಕೇಳಿದರು, “ಇವ್ನು ಸತ್ತು ಎಷ್ಟು ದಿನ ಆಯ್ತು?”

“ಗೊತ್ತಿಲ್ಲ ಮಾವ. ಪ್ರೇತ, ಅಷ್ಟೇ.”

“ಪೇಯಿ ಅಂದ್ರೂ ಒಂದು ಕಾಲದಾಗೆ ಮನುಷನೇ ತಾನೇ, ಕಣ್ಣು?” ಮುದ್ದಿಗೆ ನನ್ನನ್ನು ಅವರು ಕರೆಯುತ್ತಿದ್ದುದೇ ‘ಕಣ್ಣು’ ಎಂದು.

ಮೂರು ಭಾನುವಾರದಲ್ಲಿ ಎಲ್ಲ ಮುಗಿಸಿಕೊಟ್ಟರು. ಒಂದು ಭುಜ ಇಳಿಬಿಟ್ಟು, ಕಾಲೆಳೆದುಕೊಂಡು ಬರುವ ಪ್ರೇತಗಳು. ಟೊಪ್ಪಿ ತಲೆಯ ಮೇಲಿಲ್ಲ, ಕೈಯಲ್ಲಿತ್ತು. “ಅಷ್ಟು ದಿನ ಮಲಗಿದ್ದೋನ ತಲೇಲಿ ಟೊಪ್ಪಿ ನಿಲ್ಲುತ್ತಾ?” ಎಂದರು.

ಒಂದೊಂದೇ ಚೌಕ ನೋಡಿ ಕಂಪ್ಯೂಟರಿಗೆ ಇಳಿಸಿದೆ. ಆಟದ ಒಡೆಯರು ಕುಣಿದಾಡಿದರು. ಯಾರು ಬಿಡಿಸಿದ್ದೆಂದು ಮ್ಯಾನೇಜರ್ ಎಲ್ಲರೆದುರು ಕೇಳಿದಾಗ “ನಾನು” ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ.

ಆಟದ ಕೊನೆಗೆ ಮಾಡಿದವರ ಹೆಸರು ಬರುತ್ತದೆಂದು ಮಾವನಿಗೆ ಮೊದಲೇ ಹೇಳಿಬಿಟ್ಟಿದ್ದೆ. ಮುಂದಿನ ವಾರ ಹೋದಾಗ ತಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚೌಕ ತುಂಬಿ ಬರೆದಿಟ್ಟಿದ್ದರು. ಸೀರೆಯ ತುದಿಗೆ ಅಂಗಡಿಗಳ ಹೆಸರು ಬಿಡಿಸಿ ಬಿಡಿಸಿ ಆ ಅಕ್ಷರಗಳನ್ನು ಕಲಿತಿದ್ದರು. “ಸಣ್ಣದಾಗೇ ಹಾಕಿದೀನಿ, ಜಾಗ ಸಾಲದೆ ಹೋಗಲ್ಲ” ಎಂದರು. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಆಟ ಬಂದ ಮೇಲೆ ನನ್ನ ಫೋನಿನಲ್ಲಿ ತೋರಿಸಿದೆ. ತಮ್ಮ ಪ್ರೇತಗಳು ನಡೆಯುವುದನ್ನು ಮಗುವಿನ ಹಾಗೆ ನೋಡಿದರು. ಹೆಸರು ಎಲ್ಲಿ ಎಂದರು. ಗುಂಡಿ ಒತ್ತಿದೆ. ಏಳು ಹೆಸರು. ಒಂದೊಂದು ಅಕ್ಷರದ ಕೆಳಗೂ ಉಗುರು ಇಟ್ಟು ಓದಿ, ನನ್ನ ಹೆಸರಿನ ಹತ್ತಿರ ನಿಂತರು.

“ಇದು ನಿಂದು.”

“ಹೊರಗಿನವರ ಹೆಸರು ಹಾಕಲ್ಲವಂತೆ ಮಾವ.”

“ಕೇಳಿದ್ಯಾ?”

“ಹ್ಞೂಂ, ಕೇಳಿದೆ.”

ಕೇಳಿರಲಿಲ್ಲ. ಮಾವ ಫೋನನ್ನು ನನ್ನ ಕೈಗಿಟ್ಟು ಹಲಗೆಯ ಕಡೆ ತಿರುಗಿಕೊಂಡರು.

ಮರುವರ್ಷ ಅದೇ ಆಟದ ಎರಡನೇ ಭಾಗದ ಕೆಲಸ ಬಂತು. ಹೊಸ ಗ್ರಾಫ್ ಪುಸ್ತಕ ತೆಗೆದುಕೊಂಡು ಹೋದೆ. ಮಾವ ಅದನ್ನು ಮುಟ್ಟಲಿಲ್ಲ. “ಹಾಕಿದ್ದು ನೀನು ಅಂತ ಬರ್ದಿದೆಯಲ್ಲ ಕಣ್ಣು. ನೀನೇ ಹಾಕು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಊಟಕ್ಕೆ ಎಂದಿನಂತೆ ಪಕ್ಕದಲ್ಲೇ ಕೂರಿಸಿಕೊಂಡರು. ನಾನೇ ಬಿಡಿಸಿದೆ, ಮತ್ತೆ ಬೆಂಕಿಪೊಟ್ಟಣಗಳೇ ಆದವು. ಕಂಪನಿ ನನ್ನನ್ನು ಬೇರೆ ಕೆಲಸಕ್ಕೆ ಹಾಕಿತು. ಭಾನುವಾರಗಳಿಗೆ ಏನಾದರೊಂದು ನೆಪ ಹೇಳತೊಡಗಿದೆ.

ಒಂದು ಬೆಳಿಗ್ಗೆ ಎದೆನೋವು ಬಂದು ಮಾವ ಹೋದರು. ನಾನು ತಲುಪುವಷ್ಟರಲ್ಲಿ ಹೂವು ಹಾಕಿಯಾಗಿತ್ತು. ಜಗುಲಿಯಲ್ಲಿ ಕೂತಿದ್ದ ಪಕ್ಕದ ಮನೆಯ ನೇಕಾರ ಮುದುಕ ನನ್ನನ್ನು ಗುರುತು ಹಿಡಿದು ಕೇಳಿದ, “ಫೋನ್‌ನಾಗೆ ಪೇಯಿ ಗೊಂಬೆ ಹಾಕಿದ್ದು ನೀನೇ ತಾನೇ, ಪಾಪಾ? ನಿಮ್ಮಾವ ಎಲ್ಲರ್ಗೂ ಹೇಳೋರು, ನಮ್ಮುಡುಗಿ ಹಾಕಿದ್ದು ಅಂತ.”

ನಾಲ್ಕಾರು ಜನ ನನ್ನ ಕಡೆ ತಿರುಗಿದರು. ನಡುಮನೆಯಲ್ಲಿ ಮಾವ ಮಲಗಿದ್ದರು.

“ಹೌದು” ಎಂದೆ.