ರೊಟ್ಟಿ ಬಡಿಯುವ ಸದ್ದು ನಿಂತ ಬೆಳಿಗ್ಗೆ

ಹಂಚಿನ ಮೇಲೆ ರೊಟ್ಟಿ ಸೀದು ಕರ್ರಗಾಗಿತ್ತು. ಶೀಟಿನ ಮನೆಯ ತುಂಬ ಹೊಗೆ. ನಾನು ಒಲೆಯ ಮುಂದೆಯೇ ಕೂತಿದ್ದೆ, ತಲೆ ಬಗ್ಗಿಸಿ ಮುಂದಿನ ರೊಟ್ಟಿ ಬಡಿಯುತ್ತಿದ್ದೆ.

ನಮ್ಮ ಮನೆಯವರು ಹೊರಗಿನಿಂದ ಓಡಿಬಂದರು. "ಏ ಮಾದೇವಿ, ಮನಿ ಸುಡ್ತೀ ಏನ? ವಾಸನಿ ಬರ್ಲಿಲ್ಲೇನು ನಿನಗ?"

ಬಂದಿರಲಿಲ್ಲ.

ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದೆ. ಅಗರಬತ್ತಿ ಹಚ್ಚಿದೆ. ಕೊಬ್ಬರಿ ಎಣ್ಣೆಯ ಬಾಟಲಿಗೆ ಮೂಗನ್ನೇ ಇಟ್ಟೆ. ಏನೂ ಇಲ್ಲ. ಸಂಜೆಯ ಹೊತ್ತಿಗೆ ಮೈ ಕಾದಿತ್ತು, ಸೊಂಟ ಹಿಡಿದುಕೊಂಡಿತ್ತು. ಹೊಸ ಕಾಯಿಲೆಯ ಸುದ್ದಿ ಟೀವಿಯಲ್ಲಿ ದಿನವಿಡೀ ಬರುತ್ತಿದ್ದ ಕಾಲ ಅದು. ಆದರೂ ಅದು ಬೇರೆ ಯಾರಿಗೋ, ದೊಡ್ಡ ಏರಿಯಾದವರಿಗೆ, ವಿಮಾನದಲ್ಲಿ ಓಡಾಡುವವರಿಗೆ ಬರುವುದು ಎಂದುಕೊಂಡಿದ್ದೆವು. ಸ್ವಾಬ್ ಕೊಟ್ಟು ಬಂದೆ. ಫೋನಿಗೆ ರಿಪೋರ್ಟ್ ಬಂತು.

ಪಾಸಿಟಿವ್. ರಾಮಮೂರ್ತಿ ನಗರದ ನಮ್ಮ ಬೀದಿಗೆ ಮೊದಲನೆಯವಳು ನಾನೇ.

ನಾವು ಕಲಬುರಗಿ ಕಡೆಯವರು. ಮನೆಯವರು ಕೆ.ಆರ್. ಪುರಂ ಮಾರ್ಕೆಟ್ಟಿನಲ್ಲಿ ಟೆಂಪೋ ಓಡಿಸುತ್ತಾರೆ. ನಾನು ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿಯುತ್ತೇನೆ. ಹತ್ತಿರದ ಒಂದು ಮೆಸ್ಸಿಗೆ ನನ್ನದೇ ರೊಟ್ಟಿ, ಕೆಳಗಿನ ಮನೆಗಳಿಗೂ ನನ್ನದೇ. ಮನೆ ಓನರ್ ಸೆಲ್ವಿ ಆಂಟಿ ಮೊದಲ ಮಹಡಿಯಲ್ಲಿರುತ್ತಾರೆ. ಹಲಸೂರಿನಲ್ಲಿ ಹುಟ್ಟಿ ಬೆಳೆದವರು, ಅವರ ಕನ್ನಡದೊಳಗೆ ತಮಿಳು ಆರಾಮಾಗಿ ಕಾಲು ಚಾಚಿ ಕೂತಿರುತ್ತದೆ. ನಮ್ಮದು ಮೇಲೆ, ಟೆರೇಸಿನ ಒಂಟಿ ರೂಮು.

ಮನೆಯವರನ್ನು ಕ್ವಾರಂಟೈನ್ ಎಂದು ಒಂದು ಹಾಸ್ಟೆಲ್ಲಿಗೆ ಕರೆದೊಯ್ದರು. ಲಕ್ಷಣ ಅಷ್ಟೇನಿಲ್ಲ ಎಂದು ನನ್ನನ್ನು ರೂಮಿನಲ್ಲೇ ಇರಲು ಹೇಳಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದನ್ನು ಕೊಟ್ಟರು. ಬೀದಿಯ ತುದಿಗೆ ತಗಡಿನ ಶೀಟು ಹೊಡೆದರು. ಯಾರೋ ಮೆಟ್ಟಿಲಿಗೆಲ್ಲ ಬ್ಲೀಚಿಂಗ್ ಪೌಡರ್ ಸುರಿದರು. ಎದುರು ಮನೆಯವರು ನಮ್ಮ ಟೆರೇಸಿನ ಕಡೆಯ ಕಿಟಕಿ ಮುಚ್ಚಿ, ಮೇಲೆ ಪೇಪರು ಅಂಟಿಸಿದರು. ಗಾಳಿಗೆ ಪೇಪರು ಕಿತ್ತುಕೊಂಡಾಗೆಲ್ಲ ಮತ್ತೆ ಅಂಟಿಸುತ್ತಿದ್ದರು, ಪಾಪ.

ಫೋನುಗಳು ಶುರುವಾದವು. ಕೆಳಮನೆಯ ಮಂಜುಳಾ ಮೇಡಂ, ಸ್ಕೂಲ್ ಟೀಚರು, ಹೇಳಿದರು: "ಮಾದೇವಿ, ಬೇಜಾರ್ ಮಾಡ್ಕೋಬೇಡ. ಮೊನ್ನೆ ನಿನ್ನ ರೊಟ್ಟಿ ತಿಂದ್ಬಿಟ್ಟಿದೀನಿ. ನಂಗೇನಾದ್ರೂ ಆಗುತ್ತಾ?"

"ಮೊದ್ಲು ನೀ ಹೆಂಗಿದ್ದೀ ಅಂತ ಕೇಳ್ರಿ ಮೇಡಂ. ಆಮ್ಯಾಲ ರೊಟ್ಟಿ ಸುದ್ದಿ ಮಾತಾಡೂಣು."

ಅವರಿಗೆ ನಾಚಿಕೆಯಾಯಿತು ಅಂತ ಕಾಣುತ್ತದೆ. "ಸಾರಿ ಕಣಮ್ಮ, ಹೇಗಿದ್ಯಾ?" ಎಂದರು. ನಾನು ನಕ್ಕೆ, ನಗು ಕೆಮ್ಮಾಯಿತು, ಅವರು ಗಾಬರಿಯಾಗಿ ಫೋನ್ ಇಟ್ಟರು.

ಆದರೆ ಮೆಸ್ಸಿನವರ ಫೋನಿಗೆ ನಗು ಬರಲಿಲ್ಲ. "ಅಕ್ಕಾ, ನಿಮ್ಮ ಮೇಲೆ ನಂಗೇನೂ ಇಲ್ಲ. ಗಿರಾಕಿಗಳು ಕೇಳ್ತಾರೆ, ಏನ್ ಹೇಳ್ಲಿ? ನೀವು ಹುಷಾರಾದ್ಮೇಲೂ ಸ್ವಲ್ಪ ದಿನ ಬೇಡ" ಎಂದರು.

ಜ್ವರಕ್ಕಿಂತ ಹೆಚ್ಚಾಗಿ ನನ್ನನ್ನು ತಿಂದದ್ದು ಆ ಮಾತು. ಜೋಳದ ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಮಾಡುವವರು ಮಾಡಿಕೊಳ್ಳಲಿ, ನನ್ನದು ಅಂಗೈಯಿಂದಲೇ ಆಗಬೇಕು. ಬಿಸಿನೀರು ಹಾಕಿ ನಾದಬೇಕು, ಬರಿಗೈಯಲ್ಲಿ ಬಡಿಯಬೇಕು, ಕೈಗೆ ಗ್ಲೌಸ್ ಹಾಕಿದರೆ ಹಿಟ್ಟು ಮಾತು ಕೇಳುವುದಿಲ್ಲ. ನನ್ನ ಅವ್ವ ಕಲಿಸಿದ್ದು ಅದೊಂದೇ, ಈ ಊರಿನಲ್ಲಿ ನನಗೊಂದು ಹೆಸರು ಸಿಕ್ಕಿದ್ದೂ ಅದರಿಂದಲೇ. ಕಾಯಿಲೆ ಇವತ್ತಲ್ಲ ನಾಳೆ ಹೋಗುತ್ತದೆ. ಆದರೆ ಇನ್ನು ಈ ಕೈಯಿಂದ ಯಾರಾದರೂ ತಿನ್ನುತ್ತಾರೆಯೇ? ಮಲಗಿ ತಲೆ ಮೇಲಿನ ಶೀಟು ನೋಡುತ್ತಾ ಅದನ್ನೇ ಯೋಚಿಸಿ ಅತ್ತೆ.

ಹೊಟ್ಟೆ ಅಳು ಕೇಳುವುದಿಲ್ಲವಲ್ಲ. ಡಬ್ಬದಲ್ಲಿ ಜೋಳದ ಹಿಟ್ಟಿತ್ತು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇತ್ತು. ಬೆಳಿಗ್ಗೆ ಎದ್ದು ನನಗೊಬ್ಬಳಿಗೆ ರೊಟ್ಟಿ ಬಡಿಯತೊಡಗಿದೆ. ಅರ್ಧ ಮೆಟ್ಟಿಲಲ್ಲಿ ನಿಂತು ಸೆಲ್ವಿ ಆಂಟಿ ಕೂಗಿದರು.

"ಮಾದೇವೀ, ನಿಲ್ಸಮ್ಮಾ! ಕೆಳಗೆ ಎಲ್ಲಾ ಭಯ ಬೀಳ್ತಾರೆ. ಆ ಹಿಟ್ಟಿನ ಧೂಳಲ್ಲಿ ಕಾಯಿಲೆ ಹಾರ್ಕೊಂಡು ಬರುತ್ತಂತೆ. ಕದ್ದು ಮಾರ್ತಾಳೆ ಅಂತಾನೂ ಹೇಳ್ತಾರೆ."

"ಯಾರಿಗಿ ಮಾರ್ಲಿ ಆಂಟಿ? ಕಾಗಿಗೇನು? ನನ್ನ ಹೊಟ್ಟಿಗಿ ಮಾಡ್ಕೊಳ್ಳಾಕತ್ತೀನ್ರಿ!"

ಮೈಯೆಲ್ಲ ಉರಿದುಹೋಯಿತು. ಕೆಲವು ತಿಂಗಳ ಹಿಂದೆ ಬಾಗಿಲಲ್ಲಿ ನಿಂತು ತಟ್ಟೆ ಬಡಿದದ್ದು ಇದೇ ಬೀದಿ. ಅವರು ಬಡಿದರೆ ಕಾಯಿಲೆ ಓಡುತ್ತದೆ, ನಾನು ಬಡಿದರೆ ಹರಡುತ್ತದೆ! ಮರುದಿನ ಬೇಕಂತಲೇ ಇನ್ನೂ ಜೋರಾಗಿ ಬಡಿದೆ. ಮೂರನೇ ಮನೆಗೂ ಕೇಳಿರಬೇಕು. ಆಂಟಿ ಅವತ್ತು ಮೆಟ್ಟಿಲ ಮೇಲೆ ಹಾಲಿನ ಪ್ಯಾಕೆಟ್ಟು, ಒಂದು ಡಬ್ಬಿ ರಸಂ ಇಟ್ಟು ಹೋಗಿದ್ದರು.

ಆಮೇಲೆ ಕೈ ಸೋಲತೊಡಗಿತು. ಹಿಟ್ಟು ನಾದುವಷ್ಟರಲ್ಲಿ ಏದುಸಿರು. ಫೋನಿನಲ್ಲಿ ಡಾಕ್ಟರು ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್, ಎಷ್ಟಿದೆ ಎಂದು ಕೇಳುತ್ತಿದ್ದರು. ಬೆರಳು ತಣ್ಣಗಿದ್ದಾಗ ಮೆಷಿನ್ನು ಕಡಿಮೆ ತೋರಿಸುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು, ಅವರಿಗೆ ಆರಾಮಿದ್ದೀನಿ ಎಂದುಬಿಟ್ಟೆ. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಅದಕ್ಕೆ ಹೆದರಿದ್ದೆ. ಹೀಗೆ ಒಂದು ಬೆಳಿಗ್ಗೆ ಏಳಲು ನೋಡಿದೆ.

ಆಗಲಿಲ್ಲ.

ಫೋನು ಅಡುಗೆ ಕಟ್ಟೆಯ ಮೇಲಿತ್ತು. ಅಲ್ಲಿಯವರೆಗೆ ತೆವಳುವ ಶಕ್ತಿಯೂ ಇರಲಿಲ್ಲ. ಬಿಸಿಲು ಬಾಗಿಲ ಸಂದಿಯಿಂದ ಒಳಬಂತು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ದಬದಬ ಬಡಿದ ಸದ್ದು.

"ಮಾದೇವೀ! ಏನಮ್ಮಾ, ಯಾಕೆ ರೊಟ್ಟಿ ಸದ್ದಿಲ್ಲ? ಬಾಗ್ಲು ತೆಗಿ! ಅಯ್ಯೋ ಮುರುಗಾ!"

ಅರ್ಧ ಮೆಟ್ಟಿಲು ದಾಟದ ಆಂಟಿ, ಮುಖಕ್ಕೆ ಸೆರಗು ಬಿಗಿದುಕೊಂಡು, ಸಡಿಲ ಚಿಲಕದ ಬಾಗಿಲು ತಳ್ಳಿ ಒಳಗೇ ಬಂದಿದ್ದರು. ನನ್ನನ್ನು ನೋಡಿ ಕೆಳಗೆ ಕೂಗಿದರು, ಮಂಜುಳಾ ಮೇಡಂ ಆಂಬುಲೆನ್ಸಿಗೆ ಫೋನ್ ಮಾಡಿದರು. ಪಿಪಿಇ ಕಿಟ್ಟಿನವರು ಬರುವವರೆಗೂ ಆಂಟಿ ಹೊಸ್ತಿಲಲ್ಲೇ ನಿಂತು ಬಾಯಿ ನಿಲ್ಲಿಸದೆ ನನ್ನನ್ನು ಬೈಯುತ್ತಿದ್ದರು. "ನಿದ್ದೆ ಮಾಡ್ಬೇಡ, ನನ್ನ ನೋಡು, ಕಣ್ಣು ಬಿಡು." ಆ ಬೈಗುಳ ಕೇಳುತ್ತಲೇ ಎಚ್ಚರವಿದ್ದೆ.

ಶಿವಾಜಿನಗರದ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. "ಸಂಜೆವರೆಗೂ ಬಿಟ್ಟಿದ್ರೆ ಕಷ್ಟ ಇತ್ತಮ್ಮಾ. ಯಾರು ನೋಡಿದ್ದು ನಿಮ್ಮನ್ನ?" ಎಂದು ಡಾಕ್ಟರು ಕೇಳಿದರು. "ನಮ್ಮ ಓನರ್ ಆಂಟಿರಿ" ಎಂದು ಮಾಸ್ಕಿನೊಳಗಿಂದಲೇ ಹೇಳಿದೆ. ವಾರ್ಡಿನ ಸಪ್ಪೆ ಇಡ್ಲಿ ತಿಂದು, ಬೋರಲು ಮಲಗಿ, ಪಕ್ಕದ ಬೆಡ್ಡಿನ ಅಜ್ಜಿ ಉರ್ದುವಿನಲ್ಲಿ ಹೇಳುತ್ತಿದ್ದ ಪ್ರಾರ್ಥನೆ ಕೇಳುತ್ತ ಸುಧಾರಿಸಿಕೊಂಡೆ. ಅಜ್ಜಿಯೂ ಉಳಿದರು. ಡಿಸ್ಚಾರ್ಜ್ ದಿನ ಮನೆಯವರು ಗೇಟಿನಲ್ಲಿ ನಿಂತಿದ್ದರು. ಎಲ್ಲರೆದುರು ಅತ್ತುಬಿಟ್ಟರು, ನನಗೇ ನಾಚಿಕೆಯಾಯಿತು.

ಬಂದ ಮೇಲೆ ಬಹಳ ದಿನ ಹಿಟ್ಟಿನ ಡಬ್ಬ ಮುಟ್ಟಲಿಲ್ಲ. ಶಕ್ತಿ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಕೊನೆಗೊಂದು ಬೆಳಿಗ್ಗೆ ಮೆತ್ತಗೆ, ಕೆಳಗೆ ಯಾರಿಗೂ ಕೇಳದ ಹಾಗೆ ಬಡಿದೆ. ಮೊದಲ ರೊಟ್ಟಿ ಹರಿಯಿತು. ಎರಡನೆಯದು ಉಬ್ಬಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಸೆಲ್ವಿ ಆಂಟಿ, ಕೈಯಲ್ಲಿ ತಟ್ಟೆ.

"ನಿಲ್ಸು ಅಂತ ಹೇಳಿದ್ದು ನಾನೇ. ಅವತ್ತು ಸದ್ದು ನಿಂತ್ಮೇಲೆ ನಂಗೆ ಕೈಕಾಲು ಆಡ್ಲಿಲ್ಲಮ್ಮಾ. ಕಾಫಿ ಲೋಟ ಹಂಗೇ ಇಟ್ಟು ಓಡ್ಬಂದೆ. ಎರಡು ಕೊಡು, ಹಿಂಡಿ ಜಾಸ್ತಿ ಹಾಕು."

ಮೇಲಿನ ಮೆಟ್ಟಿಲ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ತಿಂದರು. ಮಂಜುಳಾ ಮೇಡಂ ಒಂದು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಒಯ್ದರು. ತಿಂದರೋ ಎಸೆದರೋ ನಾನು ಕೇಳಲಿಲ್ಲ. ಆಮೇಲೆ ಅವರೇ ಮತ್ತೆ ಬಂದು ಕೇಳಿದರು, ಹಾಗಾಗಿ ತಿಂದೇ ಇರಬೇಕು. ಮೆಸ್ಸಿನವರೂ ತಡವಾಗಿಯಾದರೂ ಬಂದರು. ಅವರಿಗೆ ನಾಲ್ಕು ಮಾತು ಅಂದೇ ರೊಟ್ಟಿ ಕೊಟ್ಟೆ.

ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು ಬರುತ್ತದೆ. ಮೂಗು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ, ಬರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲವಂತೆ. ನನಗೆ ಅಷ್ಟೇನೂ ಚಿಂತೆಯಿಲ್ಲ. ಇವತ್ತು ಬೆಳಿಗ್ಗೆ ಯಾವುದೋ ಯೋಚನೆಯಲ್ಲಿ ಹಿಟ್ಟು ನಾದುತ್ತಿದ್ದೆ, ಕೆಳಗಿನಿಂದ ಕೂಗು ಬಂತು.

"ಮಾದೇವೀ, ಸೀದ್ಹೋಗ್ತಾ ಇದೆ, ತಿರುವ್ಹಾಕು!"

ತಿರುವಿದೆ. ಒಂದು ಬದಿ ಕರ್ರಗಾಗಿತ್ತು.

"ಸೀದೇ ಬಿಡ್ತಲ್ರೀ ಆಂಟಿ, ಕಾಗಿಗಿ ಹಾಕ್ತೀನಿ."

"ಕಾಗೆಗೆ ಯಾಕೆ? ನಂಗಿಡು, ಬರ್ತಾ ಇದೀನಿ."