ನಿಧಾನದ್ದನ್ನು ಮುಂದೆ ಕೂರಿಸುವ ರಬ್ಬರಕ್ಕ

ಬೆಳಗಿನ ಐದೂಮುಕ್ಕಾಲು. ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಒಳಬರುವ ಅವರು ದೀಪ ಹಾಕುವುದಿಲ್ಲ. ನೇರ ಮಾನಿಟರ್ ಹತ್ತಿರ ಹೋಗುತ್ತಾರೆ. ನಿನ್ನೆ ಸಂಜೆ ಹಚ್ಚಿಟ್ಟುಹೋದ ಮೆಮೊರಿ ಪರೀಕ್ಷೆ ನೀಲಿ ಪರದೆಯ ಮೇಲೆ ಏಳನೇ ಸುತ್ತಿನಲ್ಲಿದೆ. ತಪ್ಪುಗಳ ಲೆಕ್ಕವಿರುವ ಜಾಗದಲ್ಲಿ ಸೊನ್ನೆ. ಬೆರಳು ತಾಗಿಸಿ ಮತ್ತೊಮ್ಮೆ ಓದುತ್ತಾರೆ. ಸೊನ್ನೆಯೇ. ಆದರೂ ಮುಖ ಸಡಿಲವಾಗುವುದಿಲ್ಲ. ಕಂಪ್ಯೂಟರ್ ಆರಿಸಿ, ಮುಚ್ಚಳ ಬಿಚ್ಚಿ, ಬಾಚಣಿಗೆಯಂಥ ಎರಡು ಹಸಿರು ಪಟ್ಟಿಗಳನ್ನು ಹೊರತೆಗೆದು, ಅವುಗಳ ಹೊಂಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸುತ್ತಾರೆ. ಪರೀಕ್ಷೆ ಪುನಃ ಮೊದಲಿನಿಂದ.

"ಮೂರು ದಿನ ಆಯ್ತು ಇದೇ ಆಟ," ಅಂಗಡಿಗೆ ಹೊಂದಿಕೊಂಡ ಮನೆಯ ಬಾಗಿಲಿನಿಂದ ಅತ್ತೆ ಕೂಗುತ್ತಾರೆ. "ತೊಳೆದ ಲೋಟಾನೇ ಎಷ್ಟು ಸಲ ತೊಳೀತೀಯೇ? ಸವೆದುಹೋಗುತ್ತೆ!"

"ಹನ್ನೊಂದು ಗಂಟೆಗೆ ಅವರು ಬರ್ತಾರೆ ಅತ್ತೆ."

"ಬರ್ಲಿ ಬಿಡು. ನಿನ್ನ ನುಂಗ್ತಾರಾ?"

ಸೊಸೆ ಮತ್ತೆ ಪರದೆಯ ಕಡೆ ತಿರುಗುತ್ತಾರೆ. ಬರಲಿರುವವರು ಯಾರು, ಅವರೆಂದರೆ ಈ ಸೊಸೆಗೆ ಇಷ್ಟೇಕೆ ಹೆದರಿಕೆ ಎಂಬುದು ಈ ಬರಹದ ಮುಖ್ಯ ಸಂಗತಿ. ಅದನ್ನು ಅಚ್ಚು ಹಾಕಿಸಬಹುದೇ ಎಂದು ಎರಡು ಸಲ ಕೇಳಿದ್ದಾಯಿತು. "ಬರೀರಿ. ಅದನ್ನ ಬಿಟ್ಟು ನನ್ನ ಹೊಗಳಿದ್ರೆ ಪೇಪರ್ ಮುಟ್ಟಲ್ಲ ನಾನು," ಎಂದರು.

ಬೀದಿಯವರಿಗೆಲ್ಲ ಅವರು ರಬ್ಬರಕ್ಕ. ಸದಾ ಕೈಯಲ್ಲಿರುವ ರಬ್ಬರ್ ತಂದುಕೊಟ್ಟ ಹೆಸರು. ವಯಸ್ಸು ನಲವತ್ತೇಳು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಎಂಟು ವರ್ಷ ಅಂಟು ಹಚ್ಚಿದರು. ಗಂಡ ತೀರಿಕೊಂಡ ಮೇಲೆ ಸಂಜೆ ತರಗತಿಗೆ ಸೇರಿ ಕಂಪ್ಯೂಟರ್ ರಿಪೇರಿ ಕಲಿತರು. ತರಗತಿಯಲ್ಲಿ ಹೆಂಗಸು ಅವರೊಬ್ಬರೇ. ದಿನಕ್ಕೆ ಐದಾರು ಕಂಪ್ಯೂಟರುಗಳು ಬರುತ್ತವೆ, ಹೆಚ್ಚಿನವು ಹನ್ನೆರಡು ಹದಿನೈದು ವರ್ಷದವು. ಜೆರಾಕ್ಸ್ ಅಂಗಡಿಯವರು, ಹೊಲಿಗೆ ಕಲಿಸುವವರು, ಹೊಸದು ಕೊಳ್ಳಲಾಗದ ಸಣ್ಣ ಶಾಲೆಗಳವರು ತರುತ್ತಾರೆ. "ಬೇರೆ ಅಂಗಡಿಯವರು ಗುಜರಿಗೆ ಹಾಕಿ ಅಂತಾರೆ. ನಾನು ಒಂದು ಸಲ ಬಿಚ್ಚಿ ನೋಡ್ತೀನಿ ಅಂತೀನಿ. ಅಷ್ಟೇ ವ್ಯತ್ಯಾಸ."

ಅವರ ಕಬ್ಬಿಣದ ಡ್ರಾಯರಿನಲ್ಲಿ ಹಳೆಯ ಮೆಮೊರಿ ಪಟ್ಟಿಗಳು ಇನ್ನೂರಕ್ಕೂ ಹೆಚ್ಚಿವೆ. ಅವರು ಅದನ್ನು ರ‍್ಯಾಮ್ ಎನ್ನುತ್ತಾರೆ. ಕೆಲಸ ನಡೆಯುವಷ್ಟು ಹೊತ್ತು ಕಂಪ್ಯೂಟರ್ ಎಲ್ಲವನ್ನೂ ಇದರಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹಳೆಯದಕ್ಕೆ ಸರಿಯಾದ ಜೋಡಿ ಸಿಗುವುದು ಅಪರೂಪ. ಹಾಗಾಗಿ ಒಂದು ವೇಗದ ಪಟ್ಟಿಯ ಪಕ್ಕ ಬೇರೆ ವೇಗದ ಪಟ್ಟಿಯನ್ನು ಕೂರಿಸಬೇಕಾಗುತ್ತದೆ.

"ಇಬ್ಬರು ಮಂಚ ಹೊತ್ಕೊಂಡು ಮೆಟ್ಟಿಲು ಹತ್ತೋದು ನೋಡಿದೀರಲ್ಲ?" ಅವರು ವಿವರಿಸುತ್ತಾರೆ. "ನಿಧಾನದವನ ಹೆಜ್ಜೆಗೆ ಜೋರಿನವನು ಹೆಜ್ಜೆ ಹಾಕಿದ್ರೆ ಮಂಚ ಮೇಲೆ ಹೋಗುತ್ತೆ. ಕಂಪ್ಯೂಟರೊಳಗೆ ಈ ಪಟ್ಟಿಗಳು ಕೂರೋ ಬೋರ್ಡು ಇರುತ್ತಲ್ಲ, ಹೆಚ್ಚಿನವು ಇಬ್ಬರ ಮುಖಾನೂ ನೋಡಿ ನಿಧಾನದವನ ಲೆಕ್ಕಕ್ಕೆ ನಡೆಯುತ್ತೆ. ಆದ್ರೆ ಕೆಲವು ಹಳೇ ಬೋರ್ಡು ಮೊದಲನೇ ಸ್ಲಾಟಲ್ಲಿ, ಅಂದ್ರೆ ಮೊದಲನೇ ಸಂದಿಯಲ್ಲಿ, ಇರೋನನ್ನ ಮಾತ್ರ ಕೇಳುತ್ತೆ. ಅಲ್ಲಿ ಜೋರಿನವನು ಕೂತಿದ್ರೆ ಹಿಂದಿನವನಿಗೂ ಓಡು ಅನ್ನುತ್ತೆ. ಅವನು ಪಾಪ, ಓಡ್ತಾನೆ. ಬೀಳಲ್ಲ. ಆದ್ರೆ ಕೈಯಲ್ಲಿದ್ದದ್ದು ಅಲ್ಲೊಂದು ಇಲ್ಲೊಂದು ಚೆಲ್ತಾನೆ."

ಅದನ್ನು ಅವರು ಕಲಿತದ್ದು ತಡವಾಗಿ, ಬೇರೆಯವರ ಮೈನೋವಿನಿಂದ.

ಎರಡು ಕಾಲು ಸಮವಿಲ್ಲದವರಿಗೆ ಅಳತೆಗೆ ತಕ್ಕ ಬೂಟು ಹೊಲಿದುಕೊಡುವ ಕಾರ್ಯಾಗಾರವೊಂದು ಪಕ್ಕದ ರಸ್ತೆಯಲ್ಲಿದೆ. ಅಲ್ಲಿನ ಕಂಪ್ಯೂಟರ್ ತೆವಳುತ್ತಿದೆ ಎಂದು ಯಜಮಾನರು ತಂದರು. ರಬ್ಬರಕ್ಕ ಹಳೆಯ ಪಟ್ಟಿಯ ಜೊತೆ ಅದಕ್ಕಿಂತ ವೇಗದ ಇನ್ನೊಂದನ್ನು ಹಾಕಿದರು. "ಹೊಸದು ಮುಂದಿರ್ಲಿ ಅಂತ ಮೊದಲನೇ ಸ್ಲಾಟಿಗೆ ಹಾಕ್ದೆ. ಒಂಥರಾ ಜಂಬ. ಅವರಿಗೆ ಮಧ್ಯಾಹ್ನವೇ ಬೇಕಿತ್ತು, ಪರೀಕ್ಷೆ ಹಚ್ಚಲಿಲ್ಲ. ಆನ್ ಮಾಡಿದ್ರೆ ಮೆಮೊರಿ ಎರಡರಷ್ಟು ತೋರಿಸ್ತು. ನನ್ನ ಬೆನ್ನು ನಾನೇ ತಟ್ಕೊಂಡೆ."

ಆ ಕಾರ್ಯಾಗಾರದಲ್ಲಿ ಅಳತೆ ತೆಗೆದು ಕಂಪ್ಯೂಟರಿಗೆ ತುಂಬುತ್ತಿದ್ದಾಕೆ ಒಂಬತ್ತು ವರ್ಷದಿಂದ ಅಲ್ಲಿದ್ದವರು. ಒಂದು ದಿನ ಬಸ್ ಕಂಡಕ್ಟರ್ ಒಬ್ಬರ ಬೂಟಿನ ಅಟ್ಟೆಯ ದಪ್ಪ ಇಪ್ಪತ್ನಾಲ್ಕು ಮಿಲಿಮೀಟರ್ ಎಂದು ತುಂಬಿದರು. ಕಡತದಲ್ಲಿ ಉಳಿದದ್ದು ಮೂವತ್ನಾಲ್ಕು. ಹೊಲಿಯುವವರು ಕಡತ ನೋಡಿ ಹೊಲಿದರು. ಹೊಸ ಬೂಟು, ಪಳಗಬೇಕು ಎಂದುಕೊಂಡು ಕಂಡಕ್ಟರ್ ನಡೆದರು. ತಿಂಗಳಾಗುವಷ್ಟರಲ್ಲಿ ಸೊಂಟ ಹಿಡಿದು ಆರು ವಾರ ಮಲಗಿದರು. ಅಳತೆ ಬರೆದುಕೊಂಡ ಚೀಟಿಯಲ್ಲಿ ಒಂದು, ಕಡತದಲ್ಲಿ ಇನ್ನೊಂದು. ಕೈ ತಪ್ಪಿದ್ದು ಯಾರದೆಂದು ಕೇಳುವುದೇ ಬೇಕಾಗಲಿಲ್ಲ. ಹುಡುಕಿದಾಗ ಅಂಥವು ಇನ್ನೆರಡು ಸಿಕ್ಕವು. ತಾನು ಸರಿಯಾಗಿಯೇ ಒತ್ತಿದ್ದೆ ಎಂದು ಆಕೆ ಆಣೆ ಮಾಡಿ ಹೇಳಿದರು. ಕೆಲಸ ಹೋಯಿತು.

ಅದೇ ವಾರ ಆ ಕಂಪ್ಯೂಟರ್ ಪದೇ ಪದೇ ನಿಂತುಹೋಗುತ್ತಿದೆ ಎಂದು ಮತ್ತೆ ರಬ್ಬರಕ್ಕನ ಮೇಜಿಗೆ ಬಂತು. ಪರೀಕ್ಷೆ ಹಚ್ಚಿದರು. ಪರದೆ ತುಂಬ ತಪ್ಪು ತೋರಿಸುವ ಕೆಂಪು ಗೆರೆಗಳು.

"ನೋಡಿದ ತಕ್ಷಣ ಗೊತ್ತಾಯ್ತು, ಆ ಅಂಕಿ ಕೆಡಿಸಿದ್ದು ಆಕೆ ಅಲ್ಲ, ನಾನು ಹಾಕಿದ ಪಟ್ಟಿ ಅಂತ. ಎರಡನ್ನೂ ಅದಲು ಬದಲು ಮಾಡ್ದೆ, ನಿಧಾನದ್ದನ್ನ ಮುಂದೆ ಹಾಕ್ದೆ. ಕೆಂಪು ಹೋಯ್ತು. ಯಜಮಾನರು ಏನಾಗಿತ್ತಮ್ಮಾ ಅಂದ್ರು." ಸ್ವಲ್ಪ ಹೊತ್ತು ರಬ್ಬರಿನ ಚೂರುಗಳನ್ನು ಮೇಜಿನಿಂದ ಒರೆಸುತ್ತಾರೆ. "ಧೂಳು ಅಂದೆ."

ಹನ್ನೊಂದು ವಾರ ಧೂಳಾಗಿಯೇ ಉಳಿಯಿತು. ಬಾಯಿ ಬಿಡಿಸಿದ್ದು ಒಂದು ಬಸ್ ಪ್ರಯಾಣ. ಕೆಲಸಕ್ಕೆ ಮರಳಿದ್ದ ಅದೇ ಕಂಡಕ್ಟರ್ ರಬ್ಬರಕ್ಕನ ಸೀಟಿನ ಪಕ್ಕದ ಕಂಬಕ್ಕೆ ಒರಗಿ, ಯಾರೋ ಕೇಳಿದ್ದಕ್ಕೆ ತಮ್ಮ ಸೊಂಟದ ಕಥೆ ಹೇಳುತ್ತಿದ್ದರು. "ಅಳತೆ ಬರೆಯೋಳು ಕಣ್ಮುಚ್ಕೊಂಡು ಒತ್ತಿದ್ಲಂತೆ! ಇನ್ನೊಂದು ಸೊನ್ನೆ ಸೇರಿಸಿದ್ರೆ ಬಸ್ಸಿನ ಟಾಪ್ ಮೇಲೆ ನಿಂತು ಟಿಕೆಟ್ ಹರೀತಿದ್ದೆ," ಎಂದರು. ಬಸ್ಸೆಲ್ಲ ನಕ್ಕಿತು.

"ನಾನೂ ನಕ್ಕೆ," ಎನ್ನುತ್ತಾರೆ ರಬ್ಬರಕ್ಕ. "ತಪ್ಪು ಎಲ್ಲರೂ ಮಾಡ್ತಾರೆ. ಸುಳ್ಳೂ ಹೇಳ್ತಾರೆ. ಆದ್ರೆ ಆ ನಗು… ನನ್ನ ಬಾಯಿಂದಾನೇ ಬಂತಲ್ಲ."

ಮನೆಗೆ ಬಂದು ಅತ್ತೆಗೆ ಹೇಳಿದರು. ಅತ್ತೆ ಬೈಯಲಿಲ್ಲ. "ಚಪ್ಪಲಿ ಬಿಚ್ಚಬೇಡ, ಹಾಗೇ ಹೋಗು," ಎಂದರು. ಹೋಗಿ ಯಜಮಾನರ ಮುಂದೆ ತಲೆ ತಗ್ಗಿಸಿ ನಿಂತರು. ಆಮೇಲೆ ಕಂಡಕ್ಟರಿಗೂ ಹೇಳಿದರು. ಅವರು, "ನಾನೂ ಆಯಮ್ಮನ್ನ ಬಸ್ ತುಂಬ ಆಡ್ಕೊಂಡೆನಲ್ಲಾ," ಎಂದರಂತೆ. ಯಜಮಾನರು ಆಕೆಯನ್ನು ವಾಪಸು ಕರೆದರು. ಆಕೆ ಹೋಗಲಿಲ್ಲ, ಒಂಬತ್ತು ವರ್ಷದ ಕೈಗಿಂತ ಕಡತದ ಒಂದು ಅಂಕಿಯನ್ನು ನಂಬಿದವರ ಹತ್ತಿರ ಮತ್ತೇನು ಕೆಲಸ ಎಂದರಂತೆ. ಮನೆಯಲ್ಲೇ ಟೈಪಿಂಗ್ ಮಾಡಿ ಜೀವನ ನಡೆಸುತ್ತಾರೆ. ರಬ್ಬರಕ್ಕ ಅವರ ಮನೆಗೂ ಹೋಗಿದ್ದರು. "ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಬಾಗಿಲು ಹಾಕಿದ್ರು. ಅದಕ್ಕೆ ನಾನು ಏನಂತ ಹೇಳ್ಲಿ? ಅವರ ಬಾಗಿಲು."

ಅದಾಗಿ ಒಂದು ವರ್ಷ. ಈಗ ಯಾವ ಕಂಪ್ಯೂಟರೂ ರಾತ್ರಿಯಿಡೀ ಪರೀಕ್ಷೆ ಮುಗಿಸದೆ ಈ ಅಂಗಡಿಯಿಂದ ಹೊರಹೋಗುವುದಿಲ್ಲ. ಅವಸರದ ಗಿರಾಕಿಗಳು ಬೇಸತ್ತು ಬೇರೆಡೆ ಹೋಗಿದ್ದಾರೆ.

ಮೂರು ದಿನದ ಹಿಂದೆ ಆಟೋ ಒಂದು ನಿಂತಿತು. ಬಾಗಿಲು ಹಾಕಿದ್ದ ಆಕೆಯೇ ಇಳಿದು, ತಮ್ಮ ಟೈಪಿಂಗ್ ಕಂಪ್ಯೂಟರನ್ನು ಮೇಜಿನ ಮೇಲಿಟ್ಟು, "ಆನ್ ಆಗ್ತಿಲ್ಲ. ಬೇರೆ ಇಬ್ಬರು ಬಿಸಾಕಿ ಅಂದ್ರು," ಎಂದಷ್ಟೇ ಹೇಳಿ ಹೋದರು. ಬೆಳಗಿನಿಂದ ನೀಲಿ ಪರದೆ ತೋರಿಸುತ್ತಿರುವುದು ಅದೇ. ಒಂದು ಪಟ್ಟಿ ಸತ್ತಿತ್ತು. ಸರಿಜೋಡಿ ಸಿಗದೆ, ಮತ್ತೆ ಬೇರೆ ವೇಗದ್ದನ್ನೇ ಹಾಕಬೇಕಾಯಿತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಆಕೆ ಬರುತ್ತಾರೆ. ಕೊಟ್ಟ ಸ್ಟೂಲಿನ ಮೇಲೆ ಕೂರುವುದಿಲ್ಲ.

"ಎರಡು ಬೇರೆ ಬೇರೆ ವೇಗದ್ದಿದೆ ಮೇಡಂ," ಎನ್ನುತ್ತಾರೆ ರಬ್ಬರಕ್ಕ. "ಮುಚ್ಚಿಡಲ್ಲ. ನಿಮಗೆ ಬೇಡ ಅಂದ್ರೆ ತೆಗೀತೀನಿ."

"ನಿಧಾನದ್ದು ಯಾವುದು?"

ರಬ್ಬರಕ್ಕ ಮುಚ್ಚಳ ಬಿಚ್ಚಿ ಮೊದಲ ಸ್ಲಾಟನ್ನು ತೋರಿಸುತ್ತಾರೆ. ಆಕೆ ಬಗ್ಗಿ ನೋಡಿ, ಕೀಬೋರ್ಡ್ ಎಳೆದುಕೊಳ್ಳುತ್ತಾರೆ. ನಿಂತೇ ಇಪ್ಪತ್ನಾಲ್ಕು ಎಂದು ಒತ್ತುತ್ತಾರೆ. ಮತ್ತೆ ಇಪ್ಪತ್ನಾಲ್ಕು. ಸಾಲು ತುಂಬ, ಪುಟ ತುಂಬ. ಉಳಿಸಿ, ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ ಕಡತ ತೆರೆಯುತ್ತಾರೆ. ಬೆರಳಿಟ್ಟು ಒಂದೊಂದಾಗಿ ಓದುತ್ತಾರೆ. ಒಂದನ್ನೂ ಬಿಡುವುದಿಲ್ಲ. ರಬ್ಬರಕ್ಕ ಅಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ.

"ಸರಿಯಾಗಿದೆ," ಎನ್ನುತ್ತಾರೆ ಆಕೆ ಕೊನೆಗೆ. "ಆಟೋ ಕರೀರಿ."

ಆಟೋ ತಿರುವಿನಲ್ಲಿ ಮರೆಯಾದ ಮೇಲೂ ರಬ್ಬರಕ್ಕ ಒಳಗೆ ಬರುವುದಿಲ್ಲ. ಏನು ಆಸೆ ಎಂದು ಕೇಳಿದರೆ ಸೆರಗಿನ ತುದಿಯಿಂದ ಕೈ ಒರೆಸಿಕೊಳ್ಳುತ್ತಾರೆ.

"ಕೆಡದೇ ಇರ್ಲಿ ಅಂತ ಕೇಳ್ಕೋಬೇಕು, ಅಲ್ವಾ? ಕೆಡದೇ ಇರ್ಲಿ. ಆದ್ರೆ ಕೆಟ್ಟರೆ… ಇಲ್ಲಿಗೇ ತರ್ಲಿ."