ಎರಡು ವರ್ಷ ಮೊದಲೇ ಬಂದ ಚಿನ್ನದ ಹಬ್ಬ

ಹಿತ್ತಾಳೆ ಫಲಕಗಳ ಮೇಲೆ ಅಕ್ಷರ ಕೊರೆಯುವ ಆ ಮನುಷ್ಯನಿಗೆ ಕೈಯಷ್ಟೇ ಬಾಯಿಯೂ ಚುರುಕು. ಶಾಲೆಯ ಬೆಳ್ಳಿಹಬ್ಬಕ್ಕೋ ಸಂಘದ ಸುವರ್ಣ ಮಹೋತ್ಸವಕ್ಕೋ ಫಲಕ ಮಾಡಿಸಲು ಬಂದವರು ಕಥೆ ಕೇಳದೆ ಅಂಗಡಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಹಿಂದೆ ಯಾವುದೋ ದೇಶದಲ್ಲಿ ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಹೆಂಡತಿಯ ಮುಡಿಗೆ ಬೆಳ್ಳಿಯ ಹೂಮಾಲೆ ಇಡುತ್ತಿದ್ದರಂತೆ, ಐವತ್ತಾದರೆ ಚಿನ್ನದ್ದು. ಬೆಳ್ಳಿಹಬ್ಬ, ಚಿನ್ನದ ಹಬ್ಬ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ವಜ್ರದ ಹಬ್ಬ ಮೊದಲು ಎಪ್ಪತ್ತೈದಕ್ಕೆ ಇತ್ತಂತೆ. ಪಟ್ಟಕ್ಕೆ ಬಂದು ಅರವತ್ತು ವರ್ಷವಾದ ಒಬ್ಬ ಮುದಿ ರಾಣಿಗಾಗಿ, ಅಷ್ಟು ದಿನ ಯಾರು ಕಾಯುತ್ತಾರೆಂದು, ವಜ್ರವನ್ನು ಅರವತ್ತಕ್ಕೇ ಎಳೆದು ತಂದರಂತೆ. ಎಪ್ಪತ್ತೈದನ್ನು ನಾವು ಅಮೃತ ಎನ್ನುತ್ತೇವೆ, ಅಂದರೆ ಸಾವಿಲ್ಲದ್ದು. ಮನುಷ್ಯನ ದುರಾಸೆ ನೋಡಿ ಎಂದು ನಗುತ್ತಿದ್ದ. ಒಳಗೆ ಕೂತು ಫಲಕ ಉಜ್ಜಿ ಹೊಳಪು ಕೊಡುತ್ತಿದ್ದ ಹೆಂಡತಿಗೆ ಇದೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿಹೋಗಿತ್ತು.

ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಗಂಡನನ್ನೂ ಮಗಳನ್ನೂ ಹೊರಗೆ ಕರೆದು, ವರ್ಷ ದಾಟುವುದು ಕಷ್ಟ ಎಂದರು. ಅವಳಿಗೆ ತಿಳಿಸುವುದು ಬೇಡವೆಂದು ಅಪ್ಪ, ಮಗಳು ತೀರ್ಮಾನಿಸಿದರು. ಮದುವೆಯಾಗಿ ನಲವತ್ತೆಂಟು ವರ್ಷವಾಗಿತ್ತು. ಚಿನ್ನದ ಹಬ್ಬಕ್ಕೆ ಇನ್ನೂ ಎರಡು ವರ್ಷ ಬಾಕಿ. ಅಷ್ಟು ದಿನ ಎಲ್ಲಿಂದ ತರುವುದು? ಪಾಪ, ಇವನಿಗೆ ಹೊಳೆದದ್ದು ಒಂದೇ ದಾರಿ. ಮುಂದಿನ ತಿಂಗಳು ಮಗಳಿಗೆ ರಜೆಯಿದೆ, ಹಬ್ಬವನ್ನು ಈಗಲೇ ಮಾಡಿ ಮುಗಿಸೋಣ ಎಂದು ಹೆಂಡತಿಯ ಮುಂದೆ ಹಗುರವಾಗಿ ಹೇಳಿದ. ಎಂಥ ಪೆದ್ದ! ಸುಳ್ಳು ಚೆನ್ನಾಗಿ ಹೇಳಿದೆ ಎಂದೇ ಅವನು ನಂಬಿದ್ದ.

ಅವಳು ಉಜ್ಜುವ ಬಟ್ಟೆ ಕೆಳಗಿಟ್ಟಳು.

"ರಾಣಿಗೂ ಹೀಗೇ ಮಾಡಿದ್ರಲ್ವಾ?" ಎಂದಳು. "ಡಾಕ್ಟ್ರು ಎಷ್ಟು ದಿನ ಅಂದ್ರು?"

ಅತ್ತದ್ದು ಅವನೇ, ಅವಳಲ್ಲ. ಅತ್ತು ಮುಗಿದ ಮೇಲೆ ಅವಳು, ತನಗೆ ಗೊತ್ತಾಗಿದೆಯೆಂದು ಮಗಳಿಗೆ ಹೇಳಕೂಡದು, ಆ ಹುಡುಗಿ ಕುಸಿದುಬೀಳುತ್ತಾಳೆ ಎಂದು ಆಣೆ ಮಾಡಿಸಿಕೊಂಡಳು. ಇನ್ನು ಹಬ್ಬ ಬೇಡವೆಂದರೆ ಮಗಳಿಗೆ ಅನುಮಾನ ಬರುತ್ತದೆ, ಬೇಕೆನ್ನುವ ಧೈರ್ಯವೂ ಇಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡು ಅವನು ಒಳಗೊಳಗೇ ಬೆಂದುಹೋದ.

ಹಬ್ಬವಂತೂ ನಡೆಯಿತು. ಬಾಡಿಗೆ ಕುರ್ಚಿಗಳು ತುಂಬಿದವು. ಲೆಕ್ಕ ಬರಲ್ವೇನೋ ನಿಂಗೆ ಎಂದು ಭಾವ ರೇಗಿಸಿದ, ಮಗಳು ರಜೆಯ ನೆಪ ಹೇಳಿ ನಕ್ಕಳು. ಆಮೇಲೆ ಪಕ್ಕದಂಗಡಿಯ ದರ್ಜಿ ಬಂದು ಕೈ ಕುಲುಕಿ, ವಜ್ರದ ಹಬ್ಬಕ್ಕೂ ನಮ್ಮನ್ನ ಮರೀಬೇಡಿ ಎಂದ. ಇವನು ದರ್ಜಿಯ ಕೈ ಬಿಡದೆ ತಲೆ ತಗ್ಗಿಸಿದ. ಎದುರಿಗೆ ಮಗಳು ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು.

ಹೆಂಡತಿ ಮೊಣಕೈಯಿಂದ ಮೆಲ್ಲಗೆ ತಿವಿದಳು.

"ಕರೀತೀವಿ ಅನ್ನಿ," ಎಂದಳು.

"ಕರೀತೀವಿ," ಎಂದ.